ಕಟ್ಟೆಯ ಮೇಲೆ ಬಿಳಿ ಜಾಗ

ಹಲೋ... ಯಾರು ಮಾತಾಡೂದು? ಸುನೀತಾ ಅತ್ತಿಗೆನಾ?... ನಾನು, ಜಯಂತಿ. ಕಾರವಾರದಿಂದ. ಆಯಿ ಹತ್ರ ಕೊಡಿ ಅತ್ತಿಗೆ...

ಆಯಿ, ಊಟ ಆಯ್ತಾ?... ನಂದೂ ಆಯ್ತು. ಆಯ್ತು ಅಂದ್ನಲ್ಲ, ಎಷ್ಟು ಸಲ ಕೇಳ್ತಿ!...

ಹಾಂ, ನಾ ಬರದ ಚಿತ್ರ ಪ್ರದರ್ಶನಕ್ಕೆ ಗೋಡೆಗೆ ಹಾಕೂದು ನಾಳೆನೇ... ಎಂತದ್ದಾ? ನೀರಿದ್ದು. ನಮ್ಮ ಕೇಣಿ ಊರಿನ ಗಜನಿ ಗದ್ದೆದು. ಸಮುದ್ರಕ್ಕೆ ಭರತ ಬಂದಾಗ ಉಪ್ಪುನೀರು ಹ್ಯಾಂಗೆ ಉಬ್ಬತಿತ್ತು, ಅದು. ಕಟ್ಟೆ, ಕಟ್ಟೆ ಬಾಗಿಲು, ನೀರು ತಡೆಯೂ ಹಲಗೆ ಹಿಡ್ಕಂಡು ನಿಂತ ಅಪ್ಪ...

ಅಳಬೇಡ ಆಯಿ. ನೀರು ಚಂದ ಬಂದದೆ. ಕಟ್ಟೆ ಮೇಲಿನ ಕೆಸರು ಮಾತ್ರ ಬರಿಯೂಕೆ ಆಗ್ತಿಲ್ಲ. ಎಂಟು ದಿನ ಆಯ್ತು, ಅಷ್ಟು ಜಾಗ ಬಿಳೀನೇ ಉಳದದೆ...

ಎಂತಕಾ?... ಒಂದು ಹೇಳೂದದೆ. ಆ ವರ್ಷ ತೆನೆ ಬಂದ ಗದ್ದೆಗೆ ಉಪ್ಪುನೀರು ಹೊಕ್ತಲ್ಲ, ಊರವರ ಬೆಳೆ ಪೂರಾ ಕರಕಾಗಿ ಹೋಯ್ತಲ್ಲ... ಹಾಂ, ಅದೇ. ನಮ್ಮ ಅಪ್ಪಂಗೆ, ಮಾಸ್ತಿ ಕುಡದು ಮಲಗಿದ್ದ, ಹಲಗೆ ಇಳಿಸೂಕೆ ಮರತ ಅಂದ್ರಲ್ಲ ಎಲ್ಲ. ಕಟ್ಟೆ ಕಾಯೂ ಕೆಲಸನೂ ಬಿಡಿಸದ್ರಲ್ಲ...

ಅಪ್ಪ ಇಳಿಸಿದ್ದ ಆಯಿ. ನಾನೇ ಎತ್ತದ್ದು. ಶೆಟ್ಲಿ ಮೀನು ಒಳಗೆ ಜಿಗಿಯೂದು ನೋಡೂಕೆ, ಒಂದೇ ಗೇಣು. ಆಮೇಲೆ ಒತ್ತದ್ರೆ ನೀರಿನ ರಭಸಕ್ಕೆ ಇಳೀಲೇ ಇಲ್ಲ. ಮನೆಗೆ ಓಡಿ ಬಂದೆ. ಒಂಬತ್ತು ವರ್ಷ ನಂಗೆ. ಹೆದರಿಕೆ. ಅಪ್ಪ ಸಾಯುವರೆಗೂ ಬಾಯಿ ಬಿಡ್ಲಿಲ್ಲ. ಎಂಥ ಮಗಳು ನಾನು...

ಆಯಿ, ಬೈಯಿ ಬೇಕಾರೆ...

ಎಂತ?... ಗೊತ್ತಿತ್ತಾ? ಅಪ್ಪಂಗಾ?... ಯಾವ ಹೆಜ್ಜೆ?... ಕಟ್ಟೆ ಕೆಸರಲ್ಲಿ ನನ್ನ ಹೆಜ್ಜೆ ಇತ್ತಾ?... ಊರವರು ಬರೂದ್ರೊಳಗೆ ಅಪ್ಪನೇ ಕಾಲಿಂದ ಒರಸಿದ್ನಾ?...

ಮತ್ತೆ ನೀ ಎಂತಕೆ ಹೇಳ್ಲಿಲ್ಲ, ಇಷ್ಟು ವರ್ಷ?... ಆಣೆ ಹಾಕಿದ್ನಾ?... ಎಂತ ಅಂದ? ಇನ್ನೊಂದ್ಸಲ ಹೇಳು... ಹುಡುಗಿಗೆ ನೀರಿನ ಹೆದರಿಕೆ ಹತ್ತಬಾರ್ದು ಅಂದ್ನಾ...

ಇಲ್ಲ, ಅಳ್ತಿಲ್ಲ... ಹೌದು ಆಯಿ, ಅಳ್ತಿದ್ದೆ. ಅಳಲಿಕ್ಕೆ ಬಿಡು...

ಕೇಳ್ತಿಲ್ಲ, ಸಿಗ್ನಲ್ ಹೋಗ್ತದೆ. ಅಂಗಳಕ್ಕೆ ಬಾ... ಈಗ ಕೇಳ್ತದಾ? ಆ ಬಿಳೀ ಜಾಗ ಅದೆ ಅಲ್ವಾ... ಅಪ್ಪ ಒರಸಿದ್ದು ನಾ ಮತ್ತೆ ಬರೀಲಾ? ಸಣ್ಣ ಹೆಜ್ಜೆ, ನಾಲ್ಕೇ ನಾಲ್ಕು. ಅಣ್ಣ ಊರವರನ್ನ ಕರ್ಕಂಡು ಬತ್ತಾನಲ್ಲ ನಾಳೆ, ಎಲ್ಲರೂ ನೋಡ್ಲಿ. ಅಪ್ಪ ಬೇಡ ಅಂತಿದ್ನೇನ. ನೀ ಹೇಳು ಆಯಿ, ಬರೀಲಾ?... ಹಲೋ?... ಆಯಿ?... ಬರೀಲಾ, ಹಲೋ...