ಮಾತ್ರೆ ನುಂಗಿ ಓಡಿದವಳು

ಮಂಡಿನೋವಿನ ದರ್ಜಿ ಫಿಸಿಯೋಥೆರಪಿ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ. ಒಳಗೆ ಓಟದ ತಪಾಸಣೆ ಮುಗಿಸಿ ಬಂದ ಹುಡುಗಿ, ಅವನ ಎದುರು ಕಾಯುತ್ತಿದ್ದ ತನ್ನ ಅಕ್ಕನ ಪಕ್ಕ ಕುಸಿದು ಕೂತಳು.

"ಏನಂದ್ರು?"

"ಓಟದಲ್ಲಿ ಏನೂ ದೋಷ ಇಲ್ವಂತೆ. ನಾಳೆ ಪಂದ್ಯಕ್ಕೆ ಹೋಗ್ಬಹುದಂತೆ."

"ಕಾಲುನೋವಿನ ವಿಷಯ ಹೇಳಿದ್ಯಾ?"

"ಇಲ್ಲ. ನೋವಿನ ಮಾತ್ರೆ ನುಂಗಿ ಓಡಿದೆ. ಈಗ ಮಾತ್ರೆ ಪ್ರಭಾವ ಇಳೀತಿದೆ, ನೋವು ಮತ್ತೆ ಶುರುವಾಗಿದೆ."

"ಅಯ್ಯೋ ನಿನ್ನ! ನೋವು ಎಲ್ಲಿಂದ ಬರುತ್ತೆ ಅಂತ ನೋಡೋಕೆ ತಾನೇ ಓಡಿಸೋದು? ನಡಿ, ಹೇಳೋಣ."

"ಹೇಳಿದ್ರೆ ತಂಡದಿಂದ ತೆಗೀತಾರೆ. ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ."

ಅಕ್ಕ ಬಾಗಿಲನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದಳು.

"ಮಾತ್ರೆ ಇನ್ನೂ ಇದ್ಯಾ?"

"ನಾಳೆಗೆ ಇಟ್ಕೊಂಡಿದ್ದೀನಿ."

"ಏಳು."

ತಂಗಿಗೆ ಏಳಲಾಗಲಿಲ್ಲ. ಅಕ್ಕ ತೋಳು ಕೊಟ್ಟಳು. ಎಲ್ಲ ಕೇಳಿಸಿಕೊಂಡಿದ್ದ ದರ್ಜಿ ಕಾಲು ಹಿಂದೆಳೆದು ದಾರಿ ಬಿಟ್ಟ. ತಪಾಸಣೆ ಮಾಡಿದವರು ಕೋಣೆಯ ಬಾಗಿಲು ತೆರೆದದ್ದೇ ತಡ, ತಂಗಿ ತೋಳು ಬಿಟ್ಟು, ನೋವೇ ಇಲ್ಲದವಳಂತೆ ನೆಟ್ಟಗೆ ಹೊರಬಾಗಿಲ ಕಡೆ ನಡೆದಳು. ಅಕ್ಕ ಅವಳು ಬಿಚ್ಚಿಟ್ಟಿದ್ದ ಓಟದ ಬೂಟು ಎತ್ತಿಕೊಂಡು ಹಿಂದೆಯೇ ಹೋದಳು.