ಬ್ಯಾನರ್ ಮೇಲಿನ ನಾಲ್ಕು ಅಂಕಿ

ಅಧ್ಯಕ್ಷರಾದ ರತ್ನಾಬಾಯಿಯವರೇ, ಬ್ಯಾಂಕಿನಿಂದ ಬಂದ ಅತಿಥಿಗಳೇ, ಹುನ್ನೂರಿನ ನಮ್ಮ ಮಹಿಳಾ ಸಂಘದ ಅಕ್ಕತಂಗಿಯರೇ, ಚಹಾ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ಸಭಿಕರೇ,

ಶಾಲು ಹೊದಿಸಿದಿರಿ, ಸಂತೋಷ. "ಶಿವಗಂಗವ್ವಾರ, ಕಾರ್ಡಿನ ಸುದ್ದಿ ತಗೀಬ್ಯಾಡ್ರಿ, ಸಂಘದ ಮರ್ಯಾದಿ ಹೋಗ್ತೈತಿ" ಎಂದು ಅಧ್ಯಕ್ಷರು ಮೆಟ್ಟಿಲ ಹತ್ತಿರ ಹೇಳಿದರು. ನಾನು ತೆಗೆಯುವವಳೇ. ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ. ಮುಚ್ಚಿಟ್ಟು ಮಾತಾಡುವುದನ್ನು ನಾಲ್ಕನೆಯದರಲ್ಲಿ ಕಲಿಸುತ್ತಿದ್ದರೇನೋ.

ಹಣ ತೆಗೆಯಲು ಜಮಖಂಡಿಗೆ ಹೋಗುವವಳು ನಾನೊಬ್ಬಳೇ; ಒಂಬತ್ತು ಮಂದಿಯ ಎಟಿಎಂ ಕಾರ್ಡು ನನ್ನ ಚೀಲದಲ್ಲಿ. ಇದು ನಮ್ಮ ಪದ್ಧತಿ. ನಾನು ಮರೆಯಬಾರದೆಂದು ಒಂಬತ್ತಕ್ಕೂ ಒಂದೇ ಗುಪ್ತ ನಂಬರು, ಸಂಘ ಹುಟ್ಟಿದ ಇಸವಿ. ಎಂಥ ಗುಪ್ತ? ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ, ಗೇಣುದ್ದ ಬರೆಸಿದ್ದೀರಿ.

ಒಂದು ದಿನ ಹೀಗೇ ಹೋದಾಗ ಮೊದಲು ಹಾಕಿದ್ದು ನಮ್ಮ ಸಂಘದ ಕರೆವ್ವನ ಕಾರ್ಡು. ಯಂತ್ರ ಕೂಗಿತು. ಹಿಂದೆ ಇಸ್ತ್ರಿ ಅಂಗಿಯವನೊಬ್ಬ, "ಅವ್ವಾ, ಉಲ್ಟಾ ಹಾಕೀರಿ, ಕೊಡ್ರಿಲ್ಲೆ" ಎಂದ. ಅವನು ಹಾಕಿದ, ನಾನು ಒಂದೊಂದೇ ಅಂಕಿ ಬಾಯಿಬಿಟ್ಟು ಹೇಳುತ್ತ ಒತ್ತಿದೆ. ಯಂತ್ರದಲ್ಲಿ ರೊಕ್ಕವಿಲ್ಲವೆಂದು ಕಾರ್ಡು ಕೈಗಿಟ್ಟ. ಅದೇ ಬಣ್ಣ. ಹೆಸರು ಇಂಗ್ಲಿಷಿನಲ್ಲಿ, ನನಗೆ ಅದು ಬರೀ ಗೆರೆ. ಅವನು ಬದಲಿಸಿ ಕೊಟ್ಟದ್ದು ಬೇರೆ ಯಾರದೋ ಸತ್ತ ಕಾರ್ಡು ಎಂದು ಆಮೇಲೆ ತಿಳಿಯಿತು. ಕರೆವ್ವ ಕಣ್ಣಿನ ಆಪರೇಷನ್ನಿಗೆ ಇಟ್ಟಿದ್ದ ಹದಿನೆಂಟು ಸಾವಿರ ಸಂಜೆಯೊಳಗೆ ಖಾಲಿ.

ಊರು ನಕ್ಕಿತು, ಮುದುಕಿಗೆ ಯಾಕೆ ಬೇಕಿತ್ತು ಎಂದಿತು. ನಗುವವರು ನಗಲಿ. ನಂಬರು ಒದರಿದವಳು ನಾನು, ಒಪ್ಪಿದೆ. ಕದ್ದವನು ಅವನಲ್ಲವೇ? ಅವನನ್ನು ಬಿಟ್ಟು ನಾನೇಕೆ ಮುಖ ಮುಚ್ಚಿಕೊಳ್ಳಲಿ? ದೂರು ಕೊಟ್ಟಿದ್ದೇನೆ, ವಾರಕ್ಕೊಮ್ಮೆ ಹೋಗಿ ಕೇಳುತ್ತೇನೆ, ಸಾಯುವವರೆಗೂ ಕೇಳುತ್ತೇನೆ.

ಚುಚ್ಚಿದ್ದು ಒಂದೇ ಮಾತು. "ಕಾರ್ಡ್ ನಿನ್ನ ಕೈಯಾಗ ಕೊಟ್ಟಿದ್ನಿ, ಊರ ಮಂದಿ ಕೈಯಾಗಲ್ಲ" ಎಂದಳು ಕರೆವ್ವ. ಎರಡು ತಿಂಗಳಾಯಿತು, ಮಾತಿಲ್ಲ. ಅವಳ ಹೊಸ ಕಾರ್ಡು ಸಂಘಕ್ಕೆ ಬಂದಿದೆ. ನನ್ನ ಕೈಯಿಂದ ತಗೊಳ್ಳುವುದಿಲ್ಲವಂತೆ.

ಕರೆವ್ವಾ, ಮೂರನೇ ಸಾಲಿನಾಗ ಕುಂತು ನೆಲ ನೋಡಬ್ಯಾಡ. ಬಾ ಬೇ, ನಿನ್ನ ಹೊಸ ಕಾರ್ಡ್ ತಗೋ. ನಂಬರ್ ನೀನ ಇಟ್ಕೋ, ನನಗೂ ಹೇಳಬ್ಯಾಡ. ನಾಳೆ ಬಸ್ಸಿಗೆ ಇಬ್ಬರೂ ಹೋಗೂಣು. ನೀ ಒತ್ತು, ನಾ ಬಾಗಿಲದಾಗ ನಿಂತು ಒಬ್ಬರನ್ನೂ ಒಳಗ ಬಿಡೂದಿಲ್ಲ. ದಾರಿ ತುಂಬ ಬೈಯಕೋತ ಬಾ.

ಎದ್ದಳು. ಈಗಲೇ ಬೈಯತೊಡಗಿದ್ದಾಳೆ, ಬೈಯಲಿ. ಕುರ್ಚಿ ಸರಿಸಿ ದಾರಿ ಬಿಡಿ, ಅವಳಿಗೆ ಕಣ್ಣು ಸರಿ ಕಾಣುವುದಿಲ್ಲ. ಕೂತು ಕೇಳಿದಿರಿ, ಧನ್ಯವಾದ. ಚಹಾ ಆಮೇಲೆ; ಮೊದಲು ಆ ಬ್ಯಾನರ್ ಇಳಿಸಿ. ನಮಸ್ಕಾರ.