ಅಟ್ಟದ ಫೈಟು

ಕೊಬ್ಬರಿ ವರ್ತಕರ ಸಂಘದ ಅಧ್ಯಕ್ಷರೂ ನನ್ನ ಸ್ವಂತ ತಮ್ಮನೂ ಆದ ದಯಾನಂದ್ ಅವರೇ, ಹೊನ್ನವಳ್ಳಿ, ತುರುವೇಕೆರೆ, ಹುಳಿಯಾರಿನಿಂದ ದಯಮಾಡಿಸಿರುವ ಅತಿಥಿಗಳೇ, ಈ ವಿಮಲಮ್ಮನಿಗೆ ಯಾಕಾದರೂ ಮೈಕು ಕೊಟ್ಟರೋ ಎಂದು ಯೋಚಿಸುತ್ತಿರುವ ಸಭಿಕರೇ, ಮತ್ತು ಇಂದು ಸನ್ಮಾನ ಪಡೆಯಲಿರುವ ದಯಾನಂದನ ಮಗಳು, ಸಿನಿಮಾ ನಿರ್ದೇಶಕಿ ನಿಸರ್ಗಾ,

ಈ ಸನ್ಮಾನ ನಿಶ್ಚಯವಾದಾಗ ಇವಳ ಪಿಕ್ಚರ್ ಇನ್ನೂ ಬಿಡುಗಡೆಯಾಗಿರಲಿಲ್ಲ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಮೈಸೂರು ಪೇಟ ತಂದಾಗಿತ್ತು, ಹೋಳಿಗೆಗೆ ಹೇಳಿಯಾಗಿತ್ತು. ಅಷ್ಟರಲ್ಲಿ ಪಿಕ್ಚರ್ ಬಂತು, ವಾರ ತುಂಬುವ ಮೊದಲೇ ಹೋಯಿತು. ಸಂಘದವರಿಗೆ ಹೋಳಿಗೆ ರದ್ದು ಮಾಡಲು ಮನಸ್ಸು ಬರಲಿಲ್ಲ. ಹಾಗಾಗಿ, ಸೋತ ಪಿಕ್ಚರಿಗೆ ಪೇಟ ತೊಡಿಸುವ ಮೊದಲ ಸಂಘ ನಮ್ಮದೇ ಇರಬೇಕು. ಒಂದು ಚಪ್ಪಾಳೆ ಬರಲಿ.

ಪಿಕ್ಚರ್ ಯಾಕೆ ಸೋತಿತು? ಫೈಟು ಅತಿಯಾಯಿತು ಎಂದು ಅಧ್ಯಕ್ಷರ ಅಭಿಪ್ರಾಯ. ಹೀರೋ ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಹಾರಿದ. ಒಣಗಿದ ಗರಿಯಲ್ಲಿ ಬಾರಿಸಿ ಜೀಪನ್ನೇ ಉರುಳಿಸಿದ. ಹೌದು, ಅತಿಯೇ. ಆದರೆ ನಮ್ಮ ತಿಪಟೂರಿನ ಥಿಯೇಟರಿನಲ್ಲಿ ಯಾರು ಬೇಜಾರು ಮಾಡಿಕೊಂಡರು? ದಿನಾ ಮರ ನೋಡುವ ಜನ ನಾವು, ಯಾರೂ ಹಾಗೆ ಹಾರುವುದಿಲ್ಲ ಎಂದು ನಮಗೆ ಗೊತ್ತಿಲ್ಲವೇ? ಗೊತ್ತಿದ್ದೇ ಕುಣಿದೆವು. ಇಲ್ಲೇ ಕೂತಿರುವ ಸುನಂದಾ ಟೀಚರ್ ಕುರ್ಚಿ ಹತ್ತಿದರು. ನಾನು ವಿಸಿಲ್ ಹಾಕಿದೆ. ಮದುವೆಯಾದ ಹೊಸದರಲ್ಲಿ ಹೀಗೇ ವಿಸಿಲ್ ಹಾಕಿದಾಗ ನಮ್ಮ ಯಜಮಾನರು ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, "ಇಲ್ಲಿ ನೀನ್ಯಾರೋ ನಾನ್ಯಾರೋ ಕಣೇ" ಅಂದಿದ್ದರು. ಮುಂದಿನ ಶುಕ್ರವಾರ ಅವರೇ ಟಿಕೆಟ್ ತಂದರು. ಅವರು ಹೋದ ಮೇಲೆ ನಾನು ಥಿಯೇಟರಿಗೆ ಕಾಲಿಟ್ಟದ್ದು ಈ ಹುಡುಗಿಯ ಪಿಕ್ಚರಿಗೇ. ಅದಿರಲಿ, ವಿಷಯಕ್ಕೆ ಬರೋಣ.

ಕೆಟ್ಟದ್ದು ಅಟ್ಟದ ಫೈಟಿನಲ್ಲಿ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲಿ ಎಂದು ವರ್ಷವಿಡೀ ಕಾಯುವವರು ನಾವು. ಅದರ ಕೆಳಗೆ ಜೋರಾಗಿ ಸೀನುವುದಕ್ಕೂ ಹಿಂದೆ ಮುಂದೆ ನೋಡುತ್ತೇವೆ. ಹೀರೋ ರೌಡಿಗಳನ್ನು ಎತ್ತಿ ಎತ್ತಿ ಅಟ್ಟಕ್ಕೇ ಎಸೆದ. ಅಟ್ಟ ಮುರಿದು ಕಾಯೆಲ್ಲ ನೆಲಕ್ಕೆ ಬಿದ್ದು ಒಡೆದವು. ಸುನಂದಾ ಟೀಚರ್ ಕುರ್ಚಿಯಿಂದ ಇಳಿದರು. ಹಿಂದಿನಿಂದ ಯಾರೋ, "ವರ್ಷದ ಕಾಯಿ ಕಣ್ಲಾ, ಹೋಯ್ತಲ್ಲಾ" ಅಂದರು. ಆಮೇಲೆ ಹೀರೋನ ಯಾರು ನೋಡಿದರು? ಎಲ್ಲರೂ ಕಾಯಿ ನೋಡುತ್ತಾ ಕೂತೆವು. ಅವನು ಅಂಗಿ ಕೊಡವಿಕೊಂಡ. ಆ ಮನೆಯ ಹೆಂಗಸು ನಗುನಗುತ್ತಾ ಅವನಿಗೆ ಕಾಫಿ ಕೊಟ್ಟಳು.

ಪಿಕ್ಚರ್ ಮುಗಿದದ್ದು ಅಲ್ಲೇ. ಹೀರೋ ಆಕಾಶಕ್ಕೆ ಹಾರಲಿ, ನಂಬುತ್ತೇವೆ. ಅಟ್ಟ ಮುರಿದವನಿಗೆ ಕಾಫಿ ಕೊಡುವ ಹೆಂಗಸನ್ನು ಈ ಮೂರು ತಾಲ್ಲೂಕಿನಲ್ಲಿ ಯಾರು ನಂಬುತ್ತಾರೆ? ನಗಬೇಡಿ. ಆ ಹೆಂಗಸಿನ ಪಾರ್ಟು ಮಾಡಿದವಳು ನಾನೇ. ನಾನಾಗಿದ್ದರೆ ಪೊರಕೆ ತಗೋತಿದ್ದೆ ಎಂದು ಶೂಟಿಂಗಿನ ದಿನವೇ ಹೇಳಿದೆ. "ಅತ್ತೆ, ಹೀರೋಗೆ ಯಾರೂ ಹೊಡೀಬಾರ್ದು, ನೀವು ನಗಿ ಸಾಕು" ಅಂದಳು ನಿಸರ್ಗಾ. ನಕ್ಕೆ.

ಈಗ ಅಧ್ಯಕ್ಷರು, ಪಿಕ್ಚರ್ ಸಹವಾಸ ಸಾಕು, ನಾಳೆಯಿಂದ ಮಗಳು ಕೊಬ್ಬರಿ ಮಂಡಿಯಲ್ಲಿ ಕೂರುತ್ತಾಳೆ ಎಂದು ಎಲ್ಲರಿಗೂ ಸಾರಿದ್ದಾರೆ. ಇವಳೂ ಹೂಂ ಅಂದಿದ್ದಾಳೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ, ಮುಚ್ಚಿಡುವುದಿಲ್ಲ. ಅರ್ಧ ಪಿಕ್ಚರಿನಲ್ಲಿ ಇಡೀ ಊರನ್ನು ಕುಣಿಸಿದವಳಿಗೆ, ಉಳಿದರ್ಧ ಕಲಿಯಲು ಇನ್ನೊಂದು ಪಿಕ್ಚರ್ ಬೇಡವೇ? ನಿಸರ್ಗಾ, ಈ ಸಲ ಸೆಟ್ಟು ಹಾಕಬೇಡ. ನಮ್ಮನೆಯ ಅಟ್ಟವನ್ನೇ ಮುರಿ, ಕಾಯಿ ಸಮೇತ. ಆದರೆ ಮುರಿದ ಹೀರೋನ ನಾನು ಪೊರಕೆ ಹಿಡಿದು ಹುಳಿಯಾರಿನ ತನಕ ಓಡಿಸಬೇಕು. ಅವನು ಮರದಿಂದ ಮರಕ್ಕೆ ಹಾರಲಿ, ನಾನೂ ಹಾರುತ್ತೇನೆ.

ದಯಾ, ಶಾಲು ನಿನ್ನ ಕೈಯಲ್ಲಿದೆ. ಇನ್ನೊಂದು ಪಿಕ್ಚರ್ ಮಾಡು ಮಗಳೇ ಎಂದು ಬಾಯಿಬಿಟ್ಟು ಹೇಳಿ ಹೊದಿಸು. ಅಲ್ಲಿಯವರೆಗೂ ನಾನು ಮೈಕು ಬಿಡುವುದಿಲ್ಲ. ಸಭಿಕರೇ, ನೀವೂ ಹೇಳಿ ಇವನಿಗೆ. ಇನ್ನೂ ಜೋರಾಗಿ. ಹಾಂ, ಎದ್ದ. ಇಲ್ಲಿ ಬಾ, ಈ ಮೈಕಿನಲ್ಲೇ ಹೇಳು.

ಹೇಳಿದ. ನೀವೆಲ್ಲ ಸಾಕ್ಷಿ. ನಿಸರ್ಗಾ, ನಾಳೆ ಬೆಳಿಗ್ಗೆ ಕ್ಯಾಮೆರಾ ತಗೊಂಡು ಬಾರವ್ವ, ನಾನು ಸೀರೆ ಎತ್ತಿ ಕಟ್ಟಿರ್ತೀನಿ. ಎಲ್ಲರಿಗೂ ಧನ್ಯವಾದ, ನಮಸ್ಕಾರ.